ಹೆಗಡೇರ ಹಿಂದಿನ ಗೇಟು

ಹಮ್ಮ ಒಡ್ಡಿನ ಕಡೆಯಿಂದ ತಿರುಗಿ ಬರುವಾಗ ಅವನ ಪಂಚೆ ಸೊಂಟದ ತನಕ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರು ಕೈ ತಡೆದು ಅವನ ಮುಖ ನೋಡಿದರು. ಅವನು ಯಾರ ಕಡೆಗೂ ನೋಡದೆ ಜಗಲಿಯ ಅಂಚಿಗೆ ಕೂತು ಪಂಚೆಯ ನೀರು ಹಿಂಡತೊಡಗಿದ. ಸತ್ತವನು ಅವನ ಅಣ್ಣ ಜಟ್ಟ.

"ಎಂತಾತು ಹಮ್ಮ?" ಎಂದಳು ಚೌಡಮ್ಮ. ಕೇರಿಯಲ್ಲಿ ಹೆರಿಗೆಯಾದರೂ ಸಾವಾದರೂ ಮುಂದೆ ನಿಂತು ಹೇಳಿಕೊಡುವ ಮುದುಕಿ ಅವಳು.

"ಆಗೂದಿಲ್ಲ ಚೌಡಕ್ಕ. ಒಡ್ಡು ಒಡೆದ ಜಾಗದಲ್ಲಿ ಸೊಂಟದ ಮಟ್ಟ ನೀರು. ಅಮಾಸೆ ಭರತಿ, ಇನ್ನೂ ಏರ್ತಾ ಅದೆ."

"ದೋಣಿ ತಂದ್ರೆ?"

"ಗದ್ದೆಲಿ ದೋಣಿಗೆ ನೀರು ಸಾಲೂದಿಲ್ಲ, ಒಡೆದಲ್ಲಿ ನಡೆಯೂಕೆ ಹೆಚ್ಚಾಗ್ತದೆ. ಕೆಸರಲ್ಲಿ ಕಾಲು ಹುಗಿದ್ರೆ ಹೊತ್ತವ್ರೂ ಬೀಳ್ತ್ರು, ಅಣ್ಣನೂ ಬೀಳ್ತ."

ಹಳದೀಪುರದ ಪಡುವಣಕ್ಕೆ, ಹೊಳೆಯ ಉಪ್ಪುನೀರು ಏರಿಳಿಯುವ ಗಜನಿ ಗದ್ದೆಗಳ ಅಂಚಿನಲ್ಲಿ ಆ ಕೇರಿ. ಸುಡುಗಾಡು ಇರುವುದು ಗದ್ದೆಗಳ ಆಚೆ ದಡಕ್ಕೆ. ಅಲ್ಲಿಗೆ ಹೋಗಲು ಒಡ್ಡಿನ ಮೇಲಿನ ಕಾಲುದಾರಿಯೊಂದೇ. ಆ ಒಡ್ಡು ಕಳೆದ ಮಳೆಗಾಲದಲ್ಲಿ ನಡುವೆ ಕಿತ್ತುಹೋಗಿದ್ದು, ಕಾರ್ತಿಕ ಬಂದರೂ ಯಾರೂ ಕಟ್ಟಿರಲಿಲ್ಲ. ಇನ್ನೊಂದು ದಾರಿ ಹಿಂದೆ ಇತ್ತು. ಕೃಷ್ಣಾನಂದ ಹೆಗಡೇರ ತೆಂಗಿನ ಹಿತ್ತಲನ್ನು ಹಾದು, ಅವರ ಮನೆಯ ಮಗ್ಗುಲಿನಿಂದ ನೇರ ಆಚೆ ದಡಕ್ಕೆ ಇಳಿಯುವ ದಾರಿ. ಅದರ ಗೇಟಿಗೆ ಬೀಗ ಬಿದ್ದು ಬಹಳ ವರ್ಷವಾಗಿತ್ತು.

"ಹೆಗಡೇರನ್ನ ಒಂದು ಮಾತು ಕೇಳ್ವನಾ?" ಎಂದ ಹಮ್ಮ, ನೆಲ ನೋಡುತ್ತ.

ಜಟ್ಟನ ಮಗ ಹರೀಶ ಹಗ್ಗದ ತುದಿ ಕೈಬಿಟ್ಟು ಎದ್ದ. ಹೊನ್ನಾವರದ ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವ ಹುಡುಗ. ಸುದ್ದಿ ಕೇಳಿ ಹಾಕಿದ್ದ ಅಂಗಿಯಲ್ಲೇ ಓಡಿ ಬಂದಿದ್ದ. "ಅಪ್ಪನ್ನ ತಕಂಡು ಹೋಗಿ ಅವ್ರ ಬಾಗಿಲಲ್ಲಿ ನಿಲ್ಲೂದಾದ್ರೆ ನಾ ಬರೂದಿಲ್ಲ ಚಿಕ್ಕಪ್ಪ. ಭರತಿ ಇಳೀಲಿ."

"ಇಳಿಯೂದು ಕತ್ತಲಾದ ಮೇಲೆ," ಎಂದಳು ಚೌಡಮ್ಮ. "ಬೆಳಗಾಗೂಕೆ ಮುಂಚೆ ಹೋದ ಜೀವ. ಇನ್ನೆಷ್ಟು ಹೊತ್ತು ಇಡೂದು ಮಾರಾಯ?"

"ಬೇಡ."

ಮಾತು ಒಳಗಿನಿಂದ ಬಂದಿತ್ತು. ಗಂಡನ ತಲೆಯ ಹತ್ತಿರ ಕೂತಿದ್ದ ಸಣ್ಣಿ ದನಿ ಏರಿಸಿರಲಿಲ್ಲ, ಆದರೂ ಅಂಗಳದ ಕೊನೆಯವರೆಗೆ ಅದು ಕೇಳಿಸಿತು. "ಬದುಕಿದ್ದಾಗ ಅವ್ರು ಆ ದಾರಿ ತುಳೀಲಿಲ್ಲ. ಈಗ ಯಾರ ಕೈಕಾಲು ಹಿಡಿದು ತುಳಿಸೂದು? ನೀರು ಇಳಿಯೂ ತನಕ ಇರ್ಲಿ. ನಾ ಕೂತಿರ್ತೆ."

ಚಟ್ಟಕ್ಕೆ ಬಿಗಿದ ಹಗ್ಗವನ್ನು ಒಬ್ಬ ಸುಮ್ಮನೆ ಇನ್ನೊಮ್ಮೆ ಬಿಗಿದ.

*

ಹೆದ್ದಾರಿಯ ಬದಿಗೆ ತಗಡಿನ ಮಾಡು ಇಳಿಬಿಟ್ಟ ಸೈಕಲ್ ಅಂಗಡಿ ಜಟ್ಟನದು. ಸಮುದ್ರದ ಗಾಳಿ ಬೀಸುವ ಈ ಸೀಮೆಯಲ್ಲಿ ಕಬ್ಬಿಣ ಬಾಳುವುದಿಲ್ಲ. ಹೊಸ ಸೈಕಲ್ಲು ಒಂದು ಮಳೆಗಾಲ ಕಳೆಯುವುದರೊಳಗೆ ಕೆಂಪು ಚುಕ್ಕೆ ಇಟ್ಟುಕೊಳ್ಳುತ್ತದೆ, ಎರಡನೆಯದಕ್ಕೆ ಅದು ಹಕ್ಕಳೆಯಾಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಸಣ್ಣಿ ಮಧ್ಯಾಹ್ನದ ಗಂಜಿ ಒಯ್ದು ಕೊಟ್ಟು ಸುಮ್ಮನೆ ಕೂರಲಾರದೆ ಒಂದು ರಿಮ್ಮು ತಿಕ್ಕಿದಳು. ಅಂದಿನಿಂದ ತುಕ್ಕಿನ ಕೆಲಸ ಅವಳ ಪಾಲಿಗೆ ಬಂತು. ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಚಿಂದಿ ಅದ್ದಿ ರಿಮ್ಮಿಗೆ ಸುತ್ತಿಡುವುದು. ಅದು ನೆನೆದ ಮೇಲೆ ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕುವುದು. ತುಕ್ಕು ಕೆಂಪು ನೀರಾಗಿ ಇಳಿಯುತ್ತಿತ್ತು. ಕೂಡಲೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಕೈ ಆಡಿಸಬೇಕು. ಇಲ್ಲದಿದ್ದರೆ ಮರುದಿನವೇ ತುಕ್ಕು ಮತ್ತೆ ಹಾಜರು.

ಹೆಗಡೇರ ಮಗಳು ಸುಚಿತಾ ಆಗ ಹೈಸ್ಕೂಲಿನಲ್ಲಿದ್ದಳು. ಅಂಗಡಿಗೆ ಬಂದ ಅವಳ ಸೈಕಲ್ಲನ್ನು ಸಣ್ಣಿ ಬೆಳಗಿನಿಂದ ತಿಕ್ಕಿದ್ದಳು. ರಿಮ್ಮು, ಹ್ಯಾಂಡಲು, ಬೆಲ್ಲಿನ ಮುಚ್ಚಳ, ಎಲ್ಲ ಹೊಸದರಂತೆ ಹೊಳೆಯುತ್ತಿದ್ದವು. ಜಟ್ಟ ಸೀಟಿನ ಪೈಪನ್ನು ಕೀಳಲು ನೋಡಿದ. ಅದು ಫ್ರೇಮಿನ ಒಳಗೆ ಕಚ್ಚಿಕೊಂಡಿತ್ತು. ಎರಡು ಕೈಯಲ್ಲಿ ಸೀಟು ಹಿಡಿದು ತಿರುಚಿದ. ಮಿಸುಕಲಿಲ್ಲ.

"ಅದು ಬರೂದಿಲ್ವಾ?" ಎಂದಿದ್ದಳು ಸಣ್ಣಿ.

"ಗಟ್ಟಿ ಕೂತದೆ. ಇರ್ಲಿ ಬಿಡು. ಹುಡುಗಿ ನಾಳೆ ಪರೀಕ್ಷೆಗೆ ಹೋಗ್ಬೇಕು, ಇಂದೇ ಬೇಕು ಅಂದಾರೆ. ಗಟ್ಟಿ ಇದ್ರೆ ಒಳ್ಳೇದೇ ಅಲ್ದಾ?"

ಸುಚಿತಾ ಸಂಜೆ ಬಂದು ಬೆಲ್ಲಿನ ಮುಚ್ಚಳದಲ್ಲಿ ತನ್ನ ಮುಖ ನೋಡಿಕೊಂಡು ನಕ್ಕು, ಹತ್ತಿ ಹೋಗಿದ್ದಳು.

ಆ ವಾರದಲ್ಲೇ, ಶಾಲೆಯಿಂದ ಬರುವಾಗ ಮೋರಿಯ ಹತ್ತಿರ, ಸೀಟಿನ ಪೈಪು ಬುಡದಲ್ಲಿ ಮುರಿಯಿತು. ಒಳಗಿಂದೊಳಗೆ ತುಕ್ಕು ತಿಂದು ಅದು ಹಪ್ಪಳದಷ್ಟು ತೆಳ್ಳಗಾಗಿತ್ತು. ಹುಡುಗಿ ಮೋರಿಯ ಕಲ್ಲಿಗೆ ಬಿದ್ದಳು. ಮೊಣಕಾಲಿನ ಚಿಪ್ಪು ಚೂರಾಯಿತು. ಕುಮಟೆಯಲ್ಲಿ, ಮಂಗಳೂರಿನಲ್ಲಿ ಏನೇನು ಮಾಡಿಸಿದರೂ ಬಲಗಾಲು ಪೂರ್ತಿ ಮಡಚಲಾಗದೆ ಉಳಿಯಿತು.

ಕೃಷ್ಣಾನಂದ ಹೆಗಡೇರು ಅಂಗಡಿಗೆ ಬಂದು ಮುರಿದ ಸೀಟನ್ನು ಜಟ್ಟನ ಎದುರು ಇಟ್ಟರು. ಬೈಯಲಿಲ್ಲ. "ಹೊರಗೆ ಕನ್ನಡಿ ಹಾಂಗೆ ಹೊಳೀತಿತ್ತು ಜಟ್ಟ. ಒಳಗೆ ನೋಡು," ಎಂದರು. ಜಟ್ಟ ನೋಡಿದ. ಸಣ್ಣಿಯೂ ನೋಡಿದಳು. "ಇನ್ನು ನಮ್ಮ ಗಡಿ ತುಳೀಬೇಡ." ಅಷ್ಟು ಹೇಳಿ ಹೋದರು. ಅಂದು ಸಂಜೆಯೇ ಹಿಂದಿನ ಗೇಟಿಗೆ ಬೀಗ ಬಿತ್ತು.

ಪೈಪು ಹಳೆಯದಿತ್ತು, ಸೈಕಲ್ಲನ್ನು ಮಳೆಗೆ ನಿಲ್ಲಿಸಿದ್ದರು ಎಂದೆಲ್ಲ ಊರಿನವರು ಜಟ್ಟನ ಪರವಾಗಿ ಆಡಿದರು. ಅವನು ಅದಕ್ಕೆ ಹೂಂ ಅನ್ನಲಿಲ್ಲ. ಕೇರಿಯವರೆಲ್ಲ ಒಡ್ಡಿನ ಮೇಲೆ ಸುತ್ತಿ ನಡೆಯುವಂತಾದಾಗ ಅದೇ ಜನ ಅವನ ಮೇಲೆ ಗೊಣಗಿದರು. ಅದಕ್ಕೂ ಏನೂ ಅನ್ನಲಿಲ್ಲ. ಆದರೆ ಅಲ್ಲಿಂದ ಮುಂದೆ ಪಂಕ್ಚರಿಗೆ ಬಂದ ಸೈಕಲ್ಲಾದರೂ ಸೀಟಿನ ಪೈಪು ಹೊರಗೆ ಎಳೆದು, ಒರೆಸಿ, ಗ್ರೀಸು ಸವರಿ ಕೂರಿಸದೆ ಕೊಡುತ್ತಿರಲಿಲ್ಲ. ಅವಸರದವರು ಸಿಟ್ಟಾಗಿ ಹೊನ್ನಾವರದ ಅಂಗಡಿಗೆ ಹೋದರು. ಪ್ರತಿ ವರ್ಷ ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಗ್ರೀಸಿನ ಡಬ್ಬಿ ಹಿಡಿದು ಹೈಸ್ಕೂಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು, ಅಲ್ಲಿದ್ದ ಒಂದೊಂದು ಸೈಕಲ್ಲಿನ ಸೀಟೂ ಕಿತ್ತು ನೋಡುತ್ತಿದ್ದ. ಕೇಳಿದವರಿಗೆ, "ಎಂತಿಲ್ಲ, ಕಚ್ಚಿಕೊಂಡ್ರೆ ಆಮೇಲೆ ಬರೂದಿಲ್ಲ," ಎಂದಷ್ಟೇ ಹೇಳುತ್ತಿದ್ದ.

*

ಬಿಸಿಲು ಹೊರಳಿದ ಹೊತ್ತಿಗೆ ಅಂಗಳದ ತುದಿಯಲ್ಲಿ ಒಂದು ಲೇಡೀಸ್ ಸೈಕಲ್ಲು ನಿಂತಿತು. ಸುಚಿತಾ ಇಳಿದಳು. ಈಗ ಅದೇ ಊರಿನ ಪ್ರಾಥಮಿಕ ಶಾಲೆಯ ಟೀಚರು. ಶಾಲೆಯಲ್ಲಿ ಸುದ್ದಿ ಕೇಳಿ ನೇರ ಬಂದವಳು, ಬಲಗಾಲು ಎಳೆಯುತ್ತ ಒಳಗೆ ಬಂದು ಜಟ್ಟನ ಕಾಲ ಹತ್ತಿರ ಕೂತಳು. ಆ ಕಾಲು ಮಡಚಲಾಗದ್ದರಿಂದ ಚಾಚಿಕೊಂಡೇ ಕೂರಬೇಕಾಯಿತು.

"ಇನ್ನೂ ಎಂತಕ್ಕೆ ಎತ್ತಲಿಲ್ಲ ಸಣ್ಣಕ್ಕ?"

"ಒಡ್ಡಿನ ಮೇಲೆ ನೀರು, ತಂಗಿ. ಇಳೀಬೇಕು."

ಸುಚಿತಾ ಕಿಟಕಿಯ ಆಚೆ ನೋಡಿದಳು. ಗದ್ದೆಗಳ ಮೇಲೆ ನೀರು ಬೆಳ್ಳಗೆ ಹರಡಿತ್ತು. ಅದರ ಬಲಕ್ಕೆ ಅವರ ಹಿತ್ತಲಿನ ಕಲ್ಲುಗೋಡೆ, ಗೋಡೆಯ ನಡುವೆ ಗೇಟು. ಅವಳು ಕೈಯೂರಿ ಎದ್ದಳು.

ಸಣ್ಣಿಗೆ ಅರ್ಥವಾಯಿತು. "ಬೇಡ ತಂಗಿ. ಇವ್ರ ಹೆಸರಲ್ಲಿ ನಿಮ್ಮ ಮನೇಲಿ ಮಾತು ಬೆಳೀಬಾರದು. ಅದು ಇವ್ರಿಗೆ ಸೇರೂದಿಲ್ಲ."

"ಜಗಳ ಮಾಡೂದಿಲ್ಲ. ಕೇಳ್ತೆ ಅಷ್ಟೇ."

"ಸೈಕಲ್ ವಿಷಯ ಹೇಳ್ತ್ಯಾ?"

"ಹೇಳ್ತೆ," ಎಂದಳು ಸುಚಿತಾ.

*

ಆ ವಿಷಯ ಹೆಗಡೇರಿಗೆ ಗೊತ್ತಿಲ್ಲವೆಂದೇ ಸುಚಿತಾ, ಜಟ್ಟ, ಸಣ್ಣಿ ಮೂವರೂ ನಂಬಿದ್ದರು. ಸುಚಿತಾಗೆ ಕೆಲಸ ಸಿಕ್ಕ ಮೊದಲ ವರ್ಷ, ಶಾಲೆಯ ಜಗಲಿಯಲ್ಲಿ ನಿಂತು ಮಕ್ಕಳು ಸೈಕಲ್ ಹೊಡೆಯುವುದನ್ನು ನೋಡುತ್ತಿದ್ದವಳನ್ನು ಜಟ್ಟ ದಾರಿಯಿಂದ ನೋಡಿದ. ಮನೆಗೆ ಬಂದು ಅಂದು ಊಟ ಮಾಡಲಿಲ್ಲ. ಆಮೇಲೆ ಗುಜರಿಯಿಂದ ಒಂದು ಲೇಡೀಸ್ ಸೈಕಲ್ಲು ತಂದ. ಸಣ್ಣಿ ಅದರ ತುಕ್ಕು ತಿಕ್ಕಿದಳು. ಅವನು ಬಲಗಡೆಯ ಪೆಡಲಿನ ಕೋಲು ತೆಗೆದು ಮಕ್ಕಳ ಸೈಕಲ್ಲಿನ ಗಿಡ್ಡ ಕೋಲು ಹಾಕಿದ. ಕಾಲು ಅಷ್ಟು ಮಡಚದಿದ್ದರೂ ಪೆಡಲು ಸುತ್ತಬೇಕು.

ಭಾನುವಾರ ಶಾಲೆಯ ಬಯಲಿಗೆ ಸಣ್ಣಿಯೇ ಹೋಗಿ ಸುಚಿತಾಳನ್ನು ಕರೆದು ತಂದಳು. ಜಟ್ಟ ದೂರದಲ್ಲಿ, ತಲೆ ತಗ್ಗಿಸಿ, ಸೈಕಲ್ಲಿನ ಆಚೆ ಬದಿಗೆ ನಿಂತಿದ್ದ. ಅಲ್ಲಿಯ ತನಕ ಅವನು ಆ ಹುಡುಗಿಯ ಎದುರು ನಿಂತು ಒಂದು ಮಾತೂ ಆಡಿದವನಲ್ಲ. ಸುಚಿತಾ ಸೈಕಲ್ಲಿನ ಸೀಟನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಹತ್ರ ಆಗೂದಿಲ್ಲ," ಎಂದಳು.

ಜಟ್ಟ ಬೋಲ್ಟು ಸಡಿಲಿಸಿ ಸೀಟನ್ನು ಪೈಪಿನ ಸಮೇತ ಹೊರಗೆ ಎಳೆದ. ಬಟ್ಟೆಯಲ್ಲಿ ಗ್ರೀಸು ಒರೆಸಿ ಅದನ್ನು ಅವಳ ಕೈಗೆ ಕೊಟ್ಟ. "ನೋಡಿ ತಂಗಿ. ಬುಡ ನೋಡಿ, ಒಳಗೆ ನೋಡಿ. ಬೆರಳು ಹಾಕಿ ನೋಡಿ. ನೀವು ಹೂಂ ಅಂದ್ರೆ ಮಾತ್ರ ಹಾಕೂದು."

ಅವಳು ಬೆರಳು ಹಾಕಿ ನೋಡಿದಳು. ತಿರುಗಿಸಿ ಬಿಸಿಲಿಗೆ ಹಿಡಿದು ನೋಡಿದಳು. ಬಹಳ ಹೊತ್ತಿನ ಮೇಲೆ ಹೂಂ ಎಂದಳು.

ಅವಳು ಹತ್ತಿದಾಗ ಹಿಂದಿನಿಂದ ಹಿಡಿದು ಓಡಿದ್ದು ಸಣ್ಣಿ. ಸೀರೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ, ಬಯಲಿನ ಈ ತುದಿಯಿಂದ ಆ ತುದಿಗೆ. ಕಾಲು ಸ್ವಲ್ಪ ಸ್ವಲ್ಪ ಸಡಿಲಾದ ಹಾಗೆ ಜಟ್ಟ ವಾರವಾರವೂ ಸೀಟನ್ನು ಒಂದು ಬೆರಳಿನಷ್ಟು ಏರಿಸುತ್ತಲೋ ಇಳಿಸುತ್ತಲೋ ಇದ್ದ. ಪ್ರತಿ ಸಲವೂ ಪೈಪು ಮೊದಲು ಅವಳ ಕೈಗೆ ಹೋಗಬೇಕು, ಆಮೇಲೆ ಫ್ರೇಮಿಗೆ. ಮಳೆಗಾಲ ಶುರುವಾಗುವ ಮುಂಚೆ ಒಂದು ದಿನ ಅವಳೇ ಅಂಗಡಿಗೆ ಬಂದು ನಿಲ್ಲುವುದು ಆಮೇಲಾಮೇಲೆ ರೂಢಿಯಾಯಿತು. ಸೈಕಲ್ಲು ಮಾತ್ರ ರಾತ್ರಿ ಶಾಲೆಯ ಕೋಣೆಯಲ್ಲೇ ಇರುತ್ತಿತ್ತು. ಮನೆಯಲ್ಲಿ ಅವಳು ಟೆಂಪೋದಲ್ಲಿ ಓಡಾಡುತ್ತಾಳೆ ಎಂದೇ ಲೆಕ್ಕ.

*

ಹಮ್ಮ ಓಡುತ್ತ ಬಂದ. "ಹೆಗಡೇರೇ ಬಂದು ಗೇಟಿನ ಹತ್ರ ನಿಂತಾರೆ. ಬೀಗ ತೆಗೆದ್ರು, ಚಿಲಕ ಬರೂದಿಲ್ಲ. ಪೂರಾ ಕಚ್ಚಿಕೊಂಡದೆ. ಸುತ್ತಿಗೆ ಎಲ್ಲದೆ?"

ಹರೀಶ ಕದಲಲಿಲ್ಲ. ಸಣ್ಣಿ ಎದ್ದಳು.

"ನೀ ಈಗ ಹೆಣ ಬಿಟ್ಟು ಹೊರಗೆ ಹೋಗೂಕಾಗ," ಎಂದಳು ಚೌಡಮ್ಮ.

"ಅವ್ರು ತಾವೇ ಬಂದು ನಿಂತಾರೆ ಚೌಡಕ್ಕ," ಎಂದಳು ಸಣ್ಣಿ. "ನೀ ಇಲ್ಲಿ ಕೂರು. ಹಮ್ಮ, ಸುತ್ತಿಗೆ ಬೇಡ. ಹೊಡೆದ್ರೆ ಚಿಲಕ ಬಾಗ್ತದೆ, ಆಮೇಲೆ ಬರೂದೇ ಇಲ್ಲ. ನಿನ್ನ ದೋಣಿಯ ಸೀಮೆಎಣ್ಣೆ ತಕಂಡು ಬಾ. ಒಂದು ಹಳೇ ಬಟ್ಟೆ."

ಗೇಟಿನ ಬುಡದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕಬ್ಬಿಣದ ಸರಳುಗಳ ಆಚೆ ಕೃಷ್ಣಾನಂದ ಹೆಗಡೇರು ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಗೆದ ಬೀಗ. ಅವರಿಗೂ ವಯಸ್ಸಾಗಿಬಿಟ್ಟಿದೆ ಎಂದು ಸಣ್ಣಿಗೆ ಅಷ್ಟು ಹತ್ತಿರದಿಂದ ನೋಡಿದಾಗಲೇ ಗೊತ್ತಾದದ್ದು. ಪಕ್ಕದಲ್ಲಿ ಸುಚಿತಾ.

ಸಣ್ಣಿ ಚಿಲಕದ ಸುತ್ತ ಎದ್ದಿದ್ದ ತುಕ್ಕಿನ ಹಕ್ಕಳೆಯನ್ನು ಉಗುರಿನಿಂದ ಕೆರೆದಳು. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಅದರ ಮೇಲೆ ಸುತ್ತಿ, ಎರಡು ತುದಿಗೂ ಹನಿಹನಿಯಾಗಿ ಬಿಟ್ಟಳು. "ಇನ್ನು ಕಾಯ್ಬೇಕು. ಎಣ್ಣೆ ಒಳಗೆ ಇಳೀಲಿ. ತಂಗಿ, ನಿಮ್ಮ ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದ್ರೆ ಒಂದು ಚೊಂಬು ತಾ."

"ನೀರು ಕಾದಿದ್ದು ನೋಡು ಕೂಸೆ, ತಗಬಾ," ಎಂದರು ಹೆಗಡೇರು. ಸುಚಿತಾ ಮನೆಯ ಕಡೆ ಹೋದಳು.

ಗೇಟಿನ ಈಚೆ ಸಣ್ಣಿ, ಆಚೆ ಹೆಗಡೇರು. ಹಮ್ಮ ಸ್ವಲ್ಪ ಹಿಂದೆ ಸರಿದು ನಿಂತ.

"ಸೈಕಲ್ ವಿಷಯ ಅವಳು ಈಗ ಹೇಳಿದಳು," ಎಂದರು ಹೆಗಡೇರು. "ನಂಗೆ ಮೊದಲೇ ಗೊತ್ತಿತ್ತು ಸಣ್ಣಿ."

ಸಣ್ಣಿ ತಲೆಯೆತ್ತಿದಳು.

"ಕುಮಟೆಯಿಂದ ಬರ್ತಾ ಇದ್ದೆ. ಶಾಲೆಯ ಹತ್ರ ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡ್ದೆ. ನೀನು ಹಿಂದೆ ಓಡ್ತಾ ಇದ್ದೆ. ಅವ ಬಯಲಿನ ಮೂಲೆಲಿ ನಿಂತಿದ್ದ, ಕೈ ಹೀಂಗೆ ಮುಂದೆ ಮಾಡ್ಕಂಡು, ಬಿದ್ರೆ ಹಿಡಿಯೋ ಹಾಂಗೆ." ಅವರು ತಮ್ಮ ಕೈ ಮುಂದೆ ಮಾಡಿ, ಮತ್ತೆ ಇಳಿಸಿದರು. "ಇಳಿದು ಬರಬೇಕು ಅಂತ ಎದ್ದೆ. ಬಸ್ಸು ಬಿಟ್ಟಿತು. ಮರುದಿನ ಬರ್ತೆ ಅಂದ್ಕಂಡೆ."

ಗದ್ದೆಯ ನೀರಿನ ಮೇಲೆ ಒಂದು ಬೆಳ್ಳಕ್ಕಿ ಇಳಿದು ಕೂತಿತು.

"ಅವ ನನ್ನ ಬಗ್ಗೆ ಎಂತಾದ್ರೂ ಹೇಳ್ತಿದ್ನಾ?"

"ಹೆಗಡೇರು ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು ಅಂತಿದ್ರು. ನೀವು ಎದುರು ಬಂದ್ರೆ ಸೈಕಲ್ ಇಳಿದು ಮುಖ ತಿರುಗಿಸ್ಕಂಡು ನಿಲ್ತಿದ್ರು."

"ಎಂತ ಮಾತು?"

"ಅದನ್ನ ನಂಗೂ ಹೇಳ್ಲಿಲ್ಲ," ಎಂದಳು ಸಣ್ಣಿ.

ಸುಚಿತಾ ತಂದ ಬಿಸಿನೀರನ್ನು ಹೆಗಡೇರೇ ಇಸಿದುಕೊಂಡು ಸಣ್ಣಿ ತೋರಿಸಿದ ಕಡೆ, ಚಿಲಕ ತೂರುವ ಬಳೆಯ ಮೇಲೆ, ಮೆಲ್ಲಗೆ ಹೊಯ್ದರು. ಕೆಂಪು ನೀರು ಇಬ್ಬರ ಬೆರಳುಗಳ ಸಂದಿಯಿಂದ ಇಳಿಯಿತು.

"ನೀವು ಆ ಕಡೆಯಿಂದ ನೂಕಿ. ನಾ ಎಳೀತೆ. ಜೋರು ಮಾಡೂದು ಬೇಡ. ಮೇಲೆ ಕೆಳಗೆ ತಿರುಗಿಸ್ತಾ ಇರ್ಬೇಕು, ಅಷ್ಟೇ."

ಮೊದಲು ಏನೂ ಆಗಲಿಲ್ಲ. ಇನ್ನಷ್ಟು ಎಣ್ಣೆ, ಇನ್ನಷ್ಟು ನೀರು. ಹೆಗಡೇರ ಹಣೆಯಲ್ಲಿ ಬೆವರು ಇಳಿದು ಕಣ್ಣಿಗೆ ಹೋಯಿತು. ಕೈ ಬಿಡಬೇಕಾಗುತ್ತದೆಂದು ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ಚಿಲಕ ಕೂದಲೆಳೆಯಷ್ಟು ಹೊರಳಿತು. ಸಣ್ಣಿಗೆ ಅದು ಕಾಣುವ ಮುಂಚೆ ಅಂಗೈಗೆ ಗೊತ್ತಾಯಿತು. ಅವಳ ಬಾಯಿಂದ "ಬಂತು" ಎಂಬ ಮಾತು ಹೊರಟಿತು, ಅದರ ಹಿಂದೆಯೇ, ಬೆಳಗಿನಿಂದ ಬಾರದೆ ನಿಂತಿದ್ದ ಅಳು. ಅವಳು ಅಳುತ್ತಲೇ ತಿರುಗಿಸಿದಳು. ಹಿಂದೆ ನಿಂತ ಹಮ್ಮ ಕೈ ಹಾಕಲು ಮುಂದೆ ಬರಲಿಲ್ಲ. ಚಿಲಕ ಕಿರ್ರೆಂದು ಬಳೆಯಿಂದ ಹೊರಬಿತ್ತು. ಹಮ್ಮ ಹುಲ್ಲು ತುಳಿದು ಗೇಟನ್ನು ನೂಕಿ ತೆರೆದ.

ಚಟ್ಟ ಎತ್ತಿಕೊಂಡು ಬಂದರು. ಮುಂದೆ ಬೆಂಕಿಯ ಮಡಕೆ ಹಿಡಿದ ಹರೀಶ ಗೇಟಿನ ಹೊಸ್ತಿಲಿಗೆ ಬಂದು ನಿಂತುಬಿಟ್ಟ. ಅವನ ಹಿಂದೆ ಹೊತ್ತವರೂ ನಿಂತರು. ಅವನು ಹೆಗಡೇರ ಮುಖವನ್ನು ನೇರ ನೋಡುತ್ತಿದ್ದ.

ಹೆಗಡೇರು ಕಾಲಿನ ಚಪ್ಪಲಿ ಕಳಚಿ ಬದಿಗೆ ನೂಕಿದರು. "ಬಾ ಹರೀಶ," ಎಂದರು. "ಅಪ್ಪನ್ನ ಕರಕೊಂಡು ಬಾ."

ಹರೀಶ ತಾಯಿಯ ಕಡೆ ತಿರುಗಿದ. ಸಣ್ಣಿ ತಲೆಯಾಡಿಸಿದಳು. ಅವನು ಒಳಗೆ ಹೆಜ್ಜೆ ಇಟ್ಟ.

ಹೆಂಗಸರು ಅಲ್ಲಿಂದ ಮುಂದೆ ಹೋಗುವುದಿಲ್ಲ. ಸಣ್ಣಿ ಗೇಟಿನ ಕಂಬ ಹಿಡಿದು ನಿಂತಳು, ಸುಚಿತಾ ಅವಳ ತೋಳು ಹಿಡಿದಳು. ಚಟ್ಟ ತೆಂಗಿನ ಮರಗಳ ನಡುವೆ, ಹೆಗಡೇರ ಮನೆಯ ಮಗ್ಗುಲಿನಲ್ಲೇ, ಹೊಳೆಯ ಕಡೆಗೆ ಇಳಿಯುತ್ತ ಹೋಯಿತು. ಎಲ್ಲರ ಹಿಂದೆ, ಬರಿಗಾಲಿನಲ್ಲಿ ಕೃಷ್ಣಾನಂದ ಹೆಗಡೇರು ನಡೆಯುತ್ತಿದ್ದರು. ಬಿಳಿ ಪಂಚೆಯ ಹಿಂಭಾಗದಲ್ಲಿ, ಅವರು ತಿಳಿಯದೆ ಕೈ ಒರೆಸಿಕೊಂಡಲ್ಲಿ, ತುಕ್ಕಿನ ಐದು ಬೆರಳ ಗುರುತು ಮೂಡಿತ್ತು. ಮರಗಳ ನಡುವಿನ ಬಿಸಿಲಲ್ಲೂ ನೆರಳಲ್ಲೂ ಅದು ಬಹಳ ದೂರದ ತನಕ ಕಾಣಿಸುತ್ತಿತ್ತು.